ಎನ್‌ಸಿಸಿಯಿಂದ ಪ್ಯಾರಾ ಕಮಾಂಡೊವರೆಗೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಪದವಿ ವಿದ್ಯಾರ್ಥಿಗಳು ತಿಳಿದಿರಬೇಕಾದ ದಾರಿ ಇದು. ಎನ್‌ಸಿಸಿ (ನ್ಯಾಷನಲ್ ಕೆಡೆಟ್ ಕೋರ್) ಸ್ಥಾಪನೆ: 1948. ‘ಸಿ’ ಪ್ರಮಾಣಪತ್ರದಲ್ಲಿ ಕನಿಷ್ಠ ‘ಬಿ’ ಶ್ರೇಣಿ, ಪದವಿಯಲ್ಲಿ ಶೇ. 50 ಅಂಕ, 19ರಿಂದ 25ರ ವಯಸ್ಸಿನ ಅವಿವಾಹಿತರು ಭೂಸೇನೆಯ ಎನ್‌ಸಿಸಿ ವಿಶೇಷ ಪ್ರವೇಶಕ್ಕೆ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆಯಿಲ್ಲ, ನೇರ ಎಸ್‌ಎಸ್‌ಬಿ (ಸೇವಾ ಆಯ್ಕೆ ಮಂಡಳಿ) ಸಂದರ್ಶನ, ಐದು ದಿನ. ಮೊದಲ ದಿನವೇ ಚಿತ್ರ ನೋಡಿ ಕಥೆ ಬರೆದು ಗುಂಪಿನಲ್ಲಿ ಚರ್ಚಿಸಬೇಕು. ಓಟದಲ್ಲಿ ಗಟ್ಟಿಯಾದ ಹಳ್ಳಿ ಹುಡುಗರೂ ಇಲ್ಲಿ ಬಾಯಿಬಿಡಲು ಅಂಜಬಾರದು. ಈಗಿನಿಂದಲೇ ಮಾತಾಡಿ ರೂಢಿಸಿಕೊಳ್ಳಿ. ತರಬೇತಿ: ಚೆನ್ನೈ ಅಧಿಕಾರಿಗಳ ತರಬೇತಿ ಅಕಾಡೆಮಿ. ಕಮಾಂಡೊ ಮಾತು ಆಮೇಲಿನದು: ಪ್ಯಾರಾ ವಿಶೇಷ ಪಡೆಗೆ ಅಧಿಕಾರಿ ಸ್ವಇಚ್ಛೆಯಿಂದ ಮುಂದೆ ಬಂದು, ಕಠಿಣ ಪ್ರೊಬೇಷನ್ ದಾಟಬೇಕು. ದಾಟಿದವರ ಎದೆಗೆ ‘ಬಲಿದಾನ’ ಬ್ಯಾಡ್ಜ್. ಪ್ಯಾರಾಶೂಟ್ ರೆಜಿಮೆಂಟ್ ತರಬೇತಿ ಕೇಂದ್ರ ಇರುವುದು ಬೆಂಗಳೂರಿನಲ್ಲಿ.