ಗಾಳಿಯಲ್ಲಿ ಗಿರಕಿ: ವಿಮಾನ ಕಾಯುವ ಲೆಕ್ಕ

ಮಧ್ಯಾಹ್ನ ಮೆಸ್ಸಿನಲ್ಲಿ ಊಟಕ್ಕೆ ಕೂತಾಗ ಒಮ್ಮೆ ಫ್ಲೈಟ್ ಟ್ರ್ಯಾಕಿಂಗ್ ಆ್ಯಪ್ ತೆರೆದು ಲಂಡನ್ನಿನ ಹೀಥ್ರೋ ಕಡೆ ನೋಡಿ. ಅಲ್ಲಿ ಆಗ ಬೆಳಗಿನ ಹೊತ್ತು. ನಿಲ್ದಾಣದ ಸುತ್ತ ಬೋವಿಂಗ್ಡನ್, ಲ್ಯಾಂಬೋರ್ನ್, ಬಿಗ್ಗಿನ್, ಆಕಮ್ ಅನ್ನೋ ನಾಲ್ಕು ಜಾಗಗಳಲ್ಲಿ ವಿಮಾನಗಳು ಗಿರಕಿ ಹೊಡೀತಾ ಇರುತ್ತವೆ. ಒಂದರ ಮೇಲೊಂದು, ಸಾವಿರ ಸಾವಿರ ಅಡಿ ಅಂತರದಲ್ಲಿ. ಕೆಳಗಿನದು ಇಳಿಯಲು ಹೊರಟರೆ ಮೇಲಿನವೆಲ್ಲ ಒಂದೊಂದು ಮೆಟ್ಟಿಲು ಕೆಳಗೆ ಬರುತ್ತವೆ. ಬಸ್ಸಾದರೆ ಸ್ಟಾಪಿನಲ್ಲಿ ನಿಂತು ಕಾಯಬಹುದು, ವಿಮಾನಕ್ಕೆ ಆ ಭಾಗ್ಯ ಇಲ್ಲ.

ಗಾಳಿ ಜೋರಾದ ದಿನ ಈ ಸರದಿ ಇನ್ನೂ ಉದ್ದ. ಇಳಿಯುವ ವಿಮಾನಗಳ ನಡುವೆ ಇಷ್ಟು ಮೈಲಿ ಅಂತರ ಇರಬೇಕು ಅಂತ ನಿಯಮ. ಎದುರುಗಾಳಿಯಲ್ಲಿ ನೆಲದ ಮೇಲಿನ ವೇಗ ಕಡಿಮೆಯಾಗಿ, ಅಷ್ಟೇ ಮೈಲಿ ದಾಟಲು ಹೆಚ್ಚು ಹೊತ್ತು ಬೇಕು. ಗಂಟೆಗೆ ಇಳಿಯುವ ವಿಮಾನಗಳು ಕಡಿಮೆ. ಇದಕ್ಕೇ 2015ರಲ್ಲಿ ಹೀಥ್ರೋದಲ್ಲಿ ಅಂತರವನ್ನು ಮೈಲಿಯ ಬದಲು ಸಮಯದಲ್ಲಿ ಅಳೆಯಲು ಶುರು ಮಾಡಿದರು.

ಕಾಯುವುದು ಅಂದ್ರೆ ಇಂಧನ ಸುಡುವುದು. 1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬರುತ್ತಿದ್ದ ಏವಿಯಾಂಕಾ 52, ಒಂದು ಬೋಯಿಂಗ್ 707, ದಾರಿಯಲ್ಲಿ ಮೂರು ಕಡೆ ಸೇರಿ 1 ಗಂಟೆ 17 ನಿಮಿಷ ಹೀಗೆ ಸುತ್ತಿತು. ಮೊದಲ ಸಲ ಇಳಿಯಲು ಹೋದಾಗ ರನ್‌ವೇ ಹತ್ತಿರದ ಗಾಳಿಯ ಏರುಪೇರಿನಲ್ಲಿ ಆಗಲಿಲ್ಲ. ಎರಡನೇ ಪ್ರಯತ್ನಕ್ಕೆ ಮೊದಲೇ ಇಂಧನ ಮುಗಿದು ಎಂಜಿನ್‌ಗಳು ನಿಂತವು. ಲಾಂಗ್ ಐಲ್ಯಾಂಡಿನ ಕೋವ್ ನೆಕ್‌ನಲ್ಲಿ ಬಿತ್ತು. ಒಳಗಿದ್ದ 158 ಜನರಲ್ಲಿ 73 ಮಂದಿ ಸತ್ತರು. ಪೈಲಟ್‌ಗಳು 'ಪ್ರಯಾರಿಟಿ' ಕೇಳಿದ್ದರು, 'ಎಮರ್ಜೆನ್ಸಿ' ಅನ್ನಲಿಲ್ಲ. ಕಂಟ್ರೋಲರ್ ಕಿವಿಗೆ ಇವೆರಡೂ ಒಂದೇ ಅಲ್ಲ.

ಹಾಗಾಗಿ ಒಂದು ಸುತ್ತಿಗೆ ಎಷ್ಟು ಹೊತ್ತು, ಸುತ್ತು ಎಲ್ಲಿ ಹೋಗಿ ಮುಗಿಯುತ್ತೆ ಅನ್ನೋದು ಕಾಕ್‌ಪಿಟ್‌ನಲ್ಲಿ ಗೊತ್ತಿರಲೇಬೇಕು. ಈಗ ಲೆಕ್ಕಕ್ಕೆ ಬರೋಣ.

ಆಕಾಶದಲ್ಲಿ ಗುರುತು ಮಾಡಿಕೊಂಡ ಬಿಂದು 'ಫಿಕ್ಸ್'. ಅದರ ಕಡೆಗೆ ನೇರ ಬರುವ ಗೆರೆ ಇನ್‌ಬೌಂಡ್ ಲೆಗ್. ಫಿಕ್ಸ್ ದಾಟಿದ ಕೂಡಲೇ ಬಲಕ್ಕೆ 180° ತಿರುವು (ಎಡಕ್ಕೆ ತಿರುಗುವ ಜಾಗಗಳೂ ಉಂಟು), ಆಮೇಲೆ ವಿರುದ್ಧ ದಿಕ್ಕಿನಲ್ಲಿ ಔಟ್‌ಬೌಂಡ್ ಲೆಗ್, ಮತ್ತೆ 180°, ಮತ್ತೆ ಇನ್‌ಬೌಂಡ್. ನೇರ ಲೆಗ್ 14,000 ಅಡಿವರೆಗೆ 1 ನಿಮಿಷ, ಅದಕ್ಕಿಂತ ಮೇಲೆ ಒಂದೂವರೆ. ತಿರುವು ಸೆಕೆಂಡಿಗೆ 3° ಅಥವಾ 25° ಬ್ಯಾಂಕ್, ಯಾವುದಕ್ಕೆ ಕಡಿಮೆ ವಾಲಬೇಕೋ ಅದು.

ನಮ್ಮ ವಿಮಾನದ ವೇಗ ಗಾಳಿಗೆ ಸಾಪೇಕ್ಷವಾಗಿ 240 ನಾಟ್ ಇರಲಿ, ಅಂದ್ರೆ ನಿಮಿಷಕ್ಕೆ 4 ನಾಟಿಕಲ್ ಮೈಲಿ. ಸೆಕೆಂಡಿಗೆ 3° ತಿರುಗಬೇಕಾದರೆ 33° ವಾಲಬೇಕು. ಅದಾಗಲ್ಲ, 25° ಸಾಕು. ಆಗ 180° ತಿರುಗಲು 85 ಸೆಕೆಂಡ್, ಎರಡೂ ತಿರುವಿಗೆ 170. ಗಾಳಿ ಇಲ್ಲದಿದ್ದರೆ ಒಂದು ಸುತ್ತು 290 ಸೆಕೆಂಡ್.

ಈಗ 60 ನಾಟ್ ಗಾಳಿ ಬಿಡೋಣ, ನಿಮಿಷಕ್ಕೆ 1 ಮೈಲಿ. ಹೊಳೆಯಲ್ಲಿ ಹರಿಗೋಲನ್ನು ಗಿರಗಿರ ತಿರುಗಿಸೋದನ್ನು ನೆನಪಿಸಿಕೊಳ್ಳಿ. ಕೂತವರಿಗೆ ಸುತ್ತು ಪೂರ್ತಿ ಆಯ್ತು, ದಡದಲ್ಲಿ ನಿಂತವನಿಗೆ ಹರಿಗೋಲು ಅಷ್ಟು ದೂರ ಕೆಳಗೆ ಹೋಗಿದೆ. ಇಲ್ಲೂ ಅದೇ ಕಥೆ. ಎರಡು ತಿರುವು ಸೇರಿದರೆ ಗಾಳಿಯ ಮಟ್ಟಿಗೆ ಪೂರ್ಣ ವೃತ್ತ, ಸ್ಥಾನಪಲ್ಲಟ ಸೊನ್ನೆ. ನೆಲದ ಮಟ್ಟಿಗೆ ಮಾತ್ರ 170 ಸೆಕೆಂಡಿನಲ್ಲಿ ಗಾಳಿ ನಮ್ಮನ್ನು 2.83 ಮೈಲಿ ತಳ್ಳಿರುತ್ತೆ.

ಗಾಳಿ ಇನ್‌ಬೌಂಡಿಗೆ ನೇರ ಎದುರು ಅಂದುಕೊಳ್ಳಿ. ಇನ್‌ಬೌಂಡ್ ವೇಗ 180 ನಾಟ್, 1 ನಿಮಿಷಕ್ಕೆ 3 ಮೈಲಿ. ಅಂದ್ರೆ ಔಟ್‌ಬೌಂಡ್ ಕಡೆಗೆ ಒಟ್ಟು 3 ಮೈಲಿ ಹೋಗಿದ್ದರೆ ಸಾಕು. ಅದರಲ್ಲಿ 2.83 ಮೈಲಿಯನ್ನು ತಿರುವುಗಳೇ ಕೊಟ್ಟಿವೆ! ಉಳಿದದ್ದು 0.17, ಅದೂ 300 ನಾಟ್ ವೇಗದಲ್ಲಿ. ಔಟ್‌ಬೌಂಡ್ ಲೆಗ್ ಬರೀ 2 ಸೆಕೆಂಡ್. ಗಾಳಿ ಹಿಂದಿನಿಂದ ಬಂದರೆ ಇದೇ ಲೆಕ್ಕ ತಿರುಗುಮುರುಗು: ತಿರುವು ಮುಗಿಸಿ ರೆಕ್ಕೆ ಸಮ ಮಾಡಿದ ಮೇಲೆ 157 ಸೆಕೆಂಡ್ ಹೋಗಬೇಕು. ಒಂದು ಸುತ್ತು ಮೊದಲನೆಯದರಲ್ಲಿ 3 ನಿಮಿಷ 52 ಸೆಕೆಂಡ್, ಎರಡನೆಯದರಲ್ಲಿ 6 ನಿಮಿಷ 27. ಇಂತಿಷ್ಟು ಹೊತ್ತಿಗೆ ಫಿಕ್ಸ್ ಬಿಡಿ ಅಂತ ಕಂಟ್ರೋಲರ್ ಹೇಳಿದ್ದಾಗ ಈ ವ್ಯತ್ಯಾಸ ಸಣ್ಣದಲ್ಲ.

ಅಡ್ಡಗಾಳಿ ಇನ್ನೂ ಮಜಾ. ಇನ್‌ಬೌಂಡ್‌ನಲ್ಲಿ ಗೆರೆ ಬಿಡದಿರಲು ಮೂತಿಯನ್ನು ಗಾಳಿಯ ಕಡೆ 14.5° ತಿರುಗಿಸಿದರೆ ಆಯ್ತು. ಪಿಯುಸಿಯ ದೋಣಿ-ಹೊಳೆ ಲೆಕ್ಕವೇ. ಆದರೆ ತಿರುವಿನಲ್ಲಿ ಗಾಳಿಗೆ ಉತ್ತರ ಕೊಡೋಕಾಗಲ್ಲ. ಆ ಬಾಕಿಯನ್ನೆಲ್ಲ ಔಟ್‌ಬೌಂಡ್‌ನಲ್ಲೇ ತೀರಿಸಬೇಕು. ಇದಕ್ಕೆ ಪೈಲಟ್ ತರಬೇತಿಯಲ್ಲಿ ಒಂದು ಸೂತ್ರ ಕಲಿಸುತ್ತಾರೆ: ಇನ್‌ಬೌಂಡ್‌ನಲ್ಲಿ ಎಷ್ಟು ಡಿಗ್ರಿಯೋ ಔಟ್‌ಬೌಂಡ್‌ನಲ್ಲಿ ಅದರ ಮೂರರಷ್ಟು. ಈ 3 ಎಲ್ಲಿಂದ ಬಂತು? ಸೆಕೆಂಡಿಗೆ 3° ತಿರುಗಿದರೆ ಪೂರ್ಣ ವೃತ್ತಕ್ಕೆ 2 ನಿಮಿಷ, ಔಟ್‌ಬೌಂಡ್ 1 ನಿಮಿಷ. ಮೂರು ನಿಮಿಷದ ತಳ್ಳಾಟವನ್ನು ಒಂದೇ ನಿಮಿಷದಲ್ಲಿ ಸರಿಮಾಡಬೇಕು. ಅಷ್ಟೇ.

ಸಣ್ಣ ವಿಮಾನಕ್ಕೆ ಇದು ಸರಿ. ನಮ್ಮ ಜೆಟ್ ಸೆಕೆಂಡಿಗೆ 3° ತಿರುಗೋದೇ ಇಲ್ಲವಲ್ಲ! ಇಲ್ಲಿ 170 ಕೂಡಿಸು 60, ಅಂದ್ರೆ 230 ಸೆಕೆಂಡಿನ ಬಾಕಿ, 3.83 ಮೈಲಿ. ಒಂದು ನಿಮಿಷದಲ್ಲಿ ನಾವು ಹಾರುವುದೇ 4 ಮೈಲಿ. ಸೈನ್ ವಿಲೋಮ ತೆಗೆದರೆ 73°. ಅಂದ್ರೆ ವಿಮಾನ ಹೆಚ್ಚುಕಮ್ಮಿ ಅಡ್ಡಡ್ಡ ಹೋಗಬೇಕು, ಹಿಂದಕ್ಕೆ ಹೋಗೋದು ಒಂದು ಮೈಲಿ ಚಿಲ್ಲರೆ. ಸೂತ್ರ ನಂಬಿ 43.5° ಹಿಡಿದರೂ ಸುತ್ತು ಮುಚ್ಚುವುದಿಲ್ಲ, ಇನ್‌ಬೌಂಡ್ ಗೆರೆಯನ್ನು ಒಂದು ಮೈಲಿಗಿಂತ ಹೆಚ್ಚು ತಪ್ಪಿಸಿಕೊಳ್ಳುತ್ತೇವೆ. ದಾರಿ ಏನು? ಲೆಗ್ ಉದ್ದ ಮಾಡಲು ಕಂಟ್ರೋಲರ್ ಅನುಮತಿ ಕೇಳಬೇಕು. ಔಟ್‌ಬೌಂಡ್ 2 ನಿಮಿಷ ಸಿಕ್ಕರೆ ಬೇಕಾದ ಕೋನ 37°ಗೆ ಇಳಿಯುತ್ತೆ. ಈಗಿನ ವಿಮಾನಗಳಲ್ಲಿ ಈ ಲೆಕ್ಕವನ್ನೆಲ್ಲ ಫ್ಲೈಟ್ ಮ್ಯಾನೇಜ್‌ಮೆಂಟ್ ಕಂಪ್ಯೂಟರ್ ಗಾಳಿ ಅಳೆದು ತಾನೇ ಮಾಡುತ್ತೆ. ಆದರೂ ಅದು ಬಿಡಿಸಿದ ಗೆರೆ ಸರಿಯೋ ತಪ್ಪೋ ಅಂತ ಗೊತ್ತಾಗಲು ಪೈಲಟ್ ತಲೆಯಲ್ಲಿ ಈ ಚಿತ್ರ ಇರಬೇಕು.

ಅಡ್ಡಗಾಳಿಯನ್ನು 30 ನಾಟಿಗೆ ಇಳಿಸಿ ನೀವೇ ಮಾಡಿ ನೋಡಿ. ಇನ್‌ಬೌಂಡ್ ಸುಮಾರು 7°, ಔಟ್‌ಬೌಂಡ್ ಸುಮಾರು 29° ಬರಬೇಕು. ಬಂದರೆ ಇನ್ನೊಂದು ಹೆಜ್ಜೆ: ಔಟ್‌ಬೌಂಡ್ ಸರಿಯಾಗಿ 1 ನಿಮಿಷ ಹಾರಿದರೂ ಇನ್‌ಬೌಂಡ್ 53 ಸೆಕೆಂಡಿಗೇ ಮುಗಿಯುತ್ತೆ. ಯಾಕೆ?