ಬೇಸಿಗೆಯ ಹೊಳೆ, ಬೇಸಿಗೆಯ ಮೀನು

ಯುಗಾದಿ ಬಂತು ಅಂದರೆ ಬೇವು ಹೂ ಬಿಡುತ್ತದೆ. ಮಾವು ಕಾಯಿ ಕಟ್ಟುತ್ತದೆ. ಹೊಳೆಯಲ್ಲಿ ನೀರು ಇಳಿಯುತ್ತದೆ. ಹಬ್ಬದ ದಿನ ಒಬ್ಬಟ್ಟು. ಮಾರನೇ ದಿನ ವರ್ಷತೊಡಕು. ಅವತ್ತು ನಮ್ಮ ಸೀಮೆಯಲ್ಲಿ ಬಾಡಿನ ಊಟ. ಬಾಡಿಗೆ ಕಾಸು ಸಾಲದ ಮನೆಯಲ್ಲಿ ಮೀನಿನ ಸಾರು, ರಾಗಿ ಮುದ್ದೆ. ಅದೇನು ಕಡಿಮೆ ಊಟವಲ್ಲ, ಅಕ್ಕಂದಿರೇ.

ನಮ್ಮಲ್ಲಿ ಹೊಳೆಗೆ ಬರವಿಲ್ಲ. ನಂಜನಗೂಡಿನ ಮಗ್ಗುಲಲ್ಲಿ ಕಬಿನಿ ಹರಿಯುತ್ತದೆ. ಇದನ್ನೇ ನಾವು ಕಪಿಲೆ ಅಂತಲೂ ಕರೀತೀವಿ. ಗುಂಡ್ಲು ಹೊಳೆ ಅಲ್ಲೇ ಬಂದು ಕಬಿನಿಯನ್ನು ಸೇರುತ್ತದೆ. ಕಬಿನಿ ಮುಂದೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಗುಂಜಾ ನರಸಿಂಹಸ್ವಾಮಿ ಗುಡಿಯ ಮುಂದೆ ನಿಂತರೆ ಎರಡು ಹೊಳೆ ಕೂಡುವುದು ಕಣ್ಣಿಗೆ ಕಾಣುತ್ತದೆ. ಮೂರನೆಯದು ಸ್ಫಟಿಕ ಸರೋವರ. ಅದು ಕಣ್ಣಿಗೆ ಕಾಣದು, ನಂಬಿಕೆಯಲ್ಲಿದೆ.

ಹೊಳೆಯಲ್ಲಿ ಬಲೆ ಬೀಸುವವರು ಹೆಚ್ಚಾಗಿ ಗಂಡಸರು. ಆ ಮೀನನ್ನು ಪುಟ್ಟಿಯಲ್ಲಿಟ್ಟು, ತಲೆ ಮೇಲೆ ಹೊತ್ತು, ಸಂತೆಗೂ ಬೀದಿಗೂ ಒಯ್ದು ಮಾರುವವರು ನಾವು. ಕೆರೆ ಬತ್ತಿದಾಗ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿಯುವವರೂ ನಾವೇ. ಅದಕ್ಕೇ ಈ ಪಾಠ.

ನೀರು ಇಳಿದಾಗ ಮೀನು ಎಲ್ಲಿ?

ಮಳೆಗಾಲದಲ್ಲಿ ಹೊಳೆ ಅಗಲ. ಮೀನು ಎಲ್ಲೆಲ್ಲೋ ಚದುರಿರುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕಬಿನಿ ಉಕ್ಕಿ ನಂಜನಗೂಡಿನ ಬೀದಿಗೆ ನೀರು ನುಗ್ಗಿತ್ತು. ಅಂಥ ನೀರಿನಲ್ಲಿ ಯಾರೂ ಬಲೆ ಬೀಸುವುದಿಲ್ಲ. ಬೇಸಿಗೆಯಲ್ಲಿ ಅದೇ ಹೊಳೆಯ ನಡುವೆ ಬಂಡೆ ಏಳುತ್ತದೆ, ಮರಳು ದಿಬ್ಬ ಕಾಣುತ್ತದೆ. ನೀರು ಮಡುಗಳಲ್ಲಿ ನಿಲ್ಲುತ್ತದೆ. ಮೀನೂ ಮಡುಗಳಿಗೆ ಸೇರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಮೀನು ಸಿಗುವುದು ಸುಲಭ.

ಹೊತ್ತನ್ನೂ ನೋಡಬೇಕು. ಮೀನು ಉಸಿರಾಡುವುದು ನೀರಿನಲ್ಲಿ ಬೆರೆತ ಗಾಳಿಯನ್ನು. ಆ ಗಾಳಿಗೆ ಆಮ್ಲಜನಕ ಎಂದು ಹೆಸರು. ಪ್ರಾಣವಾಯು ಅಂತಲೂ ಹೇಳ್ತಾರೆ. ನೀರು ತಣ್ಣಗಿದ್ದರೆ ಪ್ರಾಣವಾಯು ಹೆಚ್ಚು ಹಿಡಿಯುತ್ತದೆ. ನೀರು ಬಿಸಿಯಾದರೆ ಕಡಿಮೆಯಾಗುತ್ತದೆ. ಮಟಮಟ ಮಧ್ಯಾಹ್ನ ದಂಡೆಯ ನೀರು ಕಾಯುತ್ತದೆ. ಆಗ ಮೀನು ಆಳಕ್ಕೆ ಇಳಿಯುತ್ತದೆ, ಮೇವು ಮುಟ್ಟುವುದಿಲ್ಲ. ಬೆಳಕು ಹರಿಯುವ ಹೊತ್ತು, ದನ ಮನೆಗೆ ಬರುವ ಹೊತ್ತು, ಈ ಎರಡು ಹೊತ್ತಿನಲ್ಲಿ ದಂಡೆಗೆ ಬಂದು ಮೇಯುತ್ತದೆ. ಗಾಳ ಹಾಕುವವರು ಮಧ್ಯಾಹ್ನ ಮನೆಯಲ್ಲಿ ಮಲಗಿದರೆ ನಷ್ಟವೇನಿಲ್ಲ.

ಗಾಳಕ್ಕೆ ಎರೆಹುಳು ಆಗುತ್ತದೆ. ರಾಗಿ ಹಿಟ್ಟು ಬೇಯಿಸಿ ಕಟ್ಟಿದ ಉಂಡೆಯೂ ಆಗುತ್ತದೆ. ಗೆಂಡೆ ಜಾತಿಯ ಮೀನಿಗೆ ಈ ಉಂಡೆ ಇಷ್ಟ. ಅದರ ಜೊತೆ ಸ್ವಲ್ಪ ಕಡಲೆಕಾಯಿ ಹಿಂಡಿ ಬೆರೆಸಿದರೆ ವಾಸನೆಗೆ ಬರುತ್ತದೆ. ಬಾಳೆ ಮೀನು, ಕೊರವ ಮೀನು ಬೇರೆ ಮೀನನ್ನು ತಿನ್ನುವ ಜಾತಿ. ಅವಕ್ಕೆ ರಾಗಿ ಬೇಡ, ಸಣ್ಣ ಮೀನೇ ಬೇಕು.

ಕೆರೆಯಲ್ಲಿ ಮೀನು ಬಾಯಿ ಬಿಟ್ಟರೆ

ಕೆರೆಯ ಮಾತು ಸ್ವಲ್ಪ ಬೇರೆ. ಕಾಟ್ಲ, ರೋಹು, ಮೃಗಾಲ್ ಎಂಬ ಮೂರು ಮೀನನ್ನು ನಾವು ಕೆರೆಯಲ್ಲಿ ಸಾಕುತ್ತೇವೆ. ಇವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಮಳೆಗಾಲದಲ್ಲಿ ಹರಿಯುವ ಹೊಸ ನೀರು ಬೇಕು. ಆದ್ದರಿಂದಲೇ ಪ್ರತಿ ವರ್ಷ ಮರಿ ತಂದು ಕೆರೆಗೆ ಬಿಡಬೇಕಾಗುತ್ತದೆ. ಜಿಲೇಬಿ ಮೀನು ಹಾಗಲ್ಲ. ಯಾರೂ ಬಿಡದಿದ್ದರೂ ಕೆರೆಯಲ್ಲೇ ಮರಿ ಮಾಡಿ ತುಂಬಿಕೊಳ್ಳುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಕೆರೆಯ ನೀರು ಕಡಿಮೆ. ಪಾಚಿ ಹೆಚ್ಚು. ಪಾಚಿ ಹಗಲು ಬಿಸಿಲಿನಲ್ಲಿ ಪ್ರಾಣವಾಯು ಬಿಡುತ್ತದೆ. ರಾತ್ರಿ ತಾನೇ ಪ್ರಾಣವಾಯು ಎಳೆದುಕೊಳ್ಳುತ್ತದೆ. ಕೋಳಿ ಕೂಗುವ ಹೊತ್ತಿಗೆ ನೀರಿನಲ್ಲಿ ಪ್ರಾಣವಾಯು ತೀರ ಕಡಿಮೆ. ಆಗ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಅದನ್ನು ನೋಡಿ ಕೆಲವರು, ಯಾರೋ ಮಾಟ ಮಾಡಿಸಿದರು ಅಂತಾರೆ. ಮಾಟವಲ್ಲ ಕಣ್ರವ್ವ, ಉಸಿರು ಕಟ್ಟಿದೆ ಅಷ್ಟೆ. ತಡ ಮಾಡದೆ ಹೊಸ ನೀರು ಹಾಯಿಸಬೇಕು. ಪಂಪ್‌ಸೆಟ್ ಇದ್ದರೆ ಕೆರೆಯ ನೀರನ್ನೇ ಎತ್ತಿ ಮೇಲಿಂದ ಕೆರೆಗೇ ಸುರಿಸಬೇಕು. ನೀರು ಗಾಳಿಗೆ ತಾಗಿ ಬಿದ್ದರೆ ಪ್ರಾಣವಾಯು ಬೆರೆಯುತ್ತದೆ. ಅವತ್ತು ಮೇವು, ಗೊಬ್ಬರ ಹಾಕಬಾರದು. ದೊಡ್ಡ ಮೀನು ಕೆಲವನ್ನು ಹಿಡಿದು ಮಾರಿದರೆ ಉಳಿದವು ಬದುಕುತ್ತವೆ.

ಎಲ್ಲ ಮೀನೂ ಹೀಗೆ ಸಾಯುವುದಿಲ್ಲ. ಕೊರವ ಮೀನು, ಚೇಳು ಮೀನು ಮೇಲೆ ಬಂದು ನೇರವಾಗಿ ಗಾಳಿಯನ್ನೇ ಕುಡಿಯುತ್ತವೆ. ಹಾಗಾಗಿ ಕೆರೆ ಬತ್ತಿದ ಮೇಲೂ ಕೆಸರಿನಲ್ಲಿ ಜೀವ ಹಿಡಿದಿರುತ್ತವೆ. ಕೆಸರಿಗೆ ಕೈ ಹಾಕುವಾಗ ಚೇಳು ಮೀನನ್ನು ಮರೆಯಬೇಡಿ. ಅದರ ಪಕ್ಕದ ಮುಳ್ಳಿನಲ್ಲಿ ನಂಜಿದೆ. ಚುಚ್ಚಿದರೆ ಕೈ ಪೂರಾ ಉರಿಯುತ್ತದೆ. ಗಾಯ ತೊಳೆದು, ತಡೆಯುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆ ಕೈ ಇಟ್ಟರೆ ನಂಜಿನ ಬಲ ಕುಗ್ಗುತ್ತದೆ. ಬಿಸಿ ಎಷ್ಟಿದೆ ಅಂತ ಇನ್ನೊಂದು ಕೈ ಅದ್ದಿ ನೋಡಿ, ಬೊಬ್ಬೆ ಬರಬಾರದು. ಊತ ಏರಿದರೆ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಸೆಗಣಿ ಮೆತ್ತಬೇಡಿ.

ಕೊರವ ಮೀನಿನ ಇನ್ನೊಂದು ಗುಣ ಹೇಳಲೇಬೇಕು. ಅದು ಮರಿಗಳನ್ನು ಕಾಯುತ್ತದೆ. ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಕಂಡರೆ, ಅದರ ಕೆಳಗೆ ತಾಯಿ ತಂದೆ ಇವೆ ಅಂತ ತಿಳಿಯಿರಿ. ಆಗ ಅವನ್ನು ಹಿಡಿದರೆ ಮರಿಗಳು ಬೇರೆ ಮೀನಿನ ಬಾಯಿಗೆ ಹೋಗುತ್ತವೆ. ಬಾಣಂತಿಯನ್ನು ಮನೆಯಿಂದ ಹೊರಗೆ ಹಾಕಿದ ಹಾಗೆ.

ಮಡುವಿನ ಭಯ

ಮೀನು ಸೇರುವ ಜಾಗವೇ ಜನ ಮುಳುಗುವ ಜಾಗ. ಇದನ್ನು ಬಿಡಿಸಿ ಹೇಳಬೇಕು.

ಕಬಿನಿಗೆ ಹುಲ್ಲಹಳ್ಳಿಯಲ್ಲಿ ಕಟ್ಟೆ ಇದೆ. ಕಾವೇರಿಗೆ ತಲಕಾಡಿನ ಹತ್ತಿರ ಮಾಧವಮಂತ್ರಿ ಕಟ್ಟೆ ಇದೆ. ಕಟ್ಟೆಯ ಮೇಲಿಂದ ಬೀಳುವ ನೀರು ಕೆಳಗೆ ಕೊರೆದು ಗುಂಡಿ ಮಾಡುತ್ತದೆ. ಅಲ್ಲಿ ಪ್ರಾಣವಾಯು ಹೆಚ್ಚು, ಮೀನೂ ಹೆಚ್ಚು, ಸುಳಿಯೂ ಹೆಚ್ಚು. ಎರಡು ಹೊಳೆ ಕೂಡುವ ಸಂಗಮದಲ್ಲೂ ಹಾಗೆಯೇ. ಮೇಲೆ ನೀರು ಸುಮ್ಮನೆ ಇರುತ್ತದೆ, ಕೆಳಗೆ ಎಳೆಯುತ್ತದೆ. ಇದರ ಜೊತೆಗೆ ಮರಳು ತೆಗೆದ ಗುಂಡಿಗಳು. ನಿನ್ನೆ ಮೊಣಕಾಲುದ್ದ ಇದ್ದ ಜಾಗ ಇವತ್ತು ಆಳುದ್ದ ಆಗಿರಬಹುದು. ಬಟ್ಟೆ ಒಗೆಯಲು ಹೋದ ತಾಯಿ, ಈಜಲು ಇಳಿದ ಮಗ, ಇಬ್ಬರೂ ಹೋದ ಸುದ್ದಿಯನ್ನು ನಾವು ಬೇಸಿಗೆ ರಜೆಯಲ್ಲಿ ಮತ್ತೆ ಮತ್ತೆ ಕೇಳ್ತೀವಿ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಿಂದೆಯೇ ಹಾರಬಾರದು. ಸೀರೆ, ಹಗ್ಗ, ಬಿದಿರು ಗಳ, ಮುಚ್ಚಳ ಹಾಕಿದ ಖಾಲಿ ಬಿಂದಿಗೆ, ಏನು ಸಿಕ್ಕರೆ ಅದನ್ನು ಎಸೆದು ಕೂಗಬೇಕು.

ಬೀಚನಹಳ್ಳಿ ಹತ್ತಿರ ಕಬಿನಿ ಅಣೆಕಟ್ಟು ಇದೆ. ಅದು 1974ರಲ್ಲಿ ಮುಗಿಯಿತು. ಕಾವೇರಿಗೆ ಮೇಲೆ ಕನ್ನಂಬಾಡಿ ಕಟ್ಟೆ ಇದೆ. ಅಲ್ಲಿ ನೀರು ಬಿಟ್ಟರೆ ನಮ್ಮ ಹೊಳೆ ಏರುತ್ತದೆ. ನಮ್ಮೂರಲ್ಲಿ ಮಳೆ ಇಲ್ಲ, ಮೋಡ ಇಲ್ಲ, ಆದರೂ ನೀರು ಬರುತ್ತದೆ. ಪಂಚಾಯಿತಿಯವರು ಡಂಗುರ ಹೊಡೆಸಿದರೆ ಅಥವಾ ಮೈಕಿನಲ್ಲಿ ಕೂಗಿದರೆ ಕಿವಿಗೊಡಿ. ಗೋಡೆಗೆ ಅಂಟಿಸಿದ ಎಚ್ಚರಿಕೆಯ ಕಾಗದವನ್ನು ಈಗ ನಾವೇ ಓದಬಹುದು. ದಂಡೆಯಲ್ಲಿ ಒಂದು ಕಡ್ಡಿ ನೆಟ್ಟು ಮೀನು ಹಿಡಿಯುವುದೂ ಒಳ್ಳೆಯ ಅಭ್ಯಾಸ. ಕಡ್ಡಿ ಮುಳುಗುತ್ತಾ ಬಂದರೆ ಬಲೆ ಹೋದರೂ ಹೋಗಲಿ, ಮೇಲೆ ಬನ್ನಿ.

ಮೊಸಳೆಯೂ ಇದೆ, ಕಬಿನಿಯಲ್ಲೂ ಕಾವೇರಿಯಲ್ಲೂ. ಮರಳಿನಲ್ಲಿ ಮೊಟ್ಟೆ ಇಡುವುದು ಬೇಸಿಗೆಯಲ್ಲೇ. ಮರಳು ದಿಬ್ಬದ ಮೇಲೆ ಎಳೆದ ಗುರುತು ಕಂಡರೆ ಆ ಕಡೆ ಹೋಗುವುದು ಬೇಡ.

ಯಾವುದನ್ನು ಹಿಡಿಯಬಾರದು?

ಸಿಡಿಮದ್ದು ಸಿಡಿಸಿ, ವಿಷ ಬೆರೆಸಿ, ಕರೆಂಟು ಬಿಟ್ಟು ಮೀನು ಹಿಡಿಯುವವರು ಇದ್ದಾರೆ. ಒಂದು ಪುಟ್ಟಿ ಮೀನಿಗೆ ಮಡುವಿನ ಮರಿ, ಮೊಟ್ಟೆ, ಹುಳು ಎಲ್ಲ ಸಾಯುತ್ತದೆ. ಸಿಡಿಮದ್ದಿನಿಂದ ಕೈ ಕಳೆದುಕೊಂಡವರು, ಕರೆಂಟಿನಿಂದ ಜೀವ ಕಳೆದುಕೊಂಡವರು ಇದ್ದಾರೆ. ವಿಷ ಹಾಕಿದ ನೀರನ್ನು ಕೆಳಗಿನ ಊರಿನ ದನ ಕುಡಿಯುತ್ತದೆ, ಮಗು ಕುಡಿಯುತ್ತದೆ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆಯ ಪ್ರಕಾರ ಸಿಡಿಮದ್ದು, ವಿಷ ಹಾಕುವುದು ಅಪರಾಧ. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಯೂ ಒಳ್ಳೆಯದಲ್ಲ. ಬೆರಳುದ್ದದ ಗೆಂಡೆ ಮರಿಗೆ ಸಂತೆಯಲ್ಲಿ ಬೆಲೆ ಇಲ್ಲ. ಅದೇ ಮರಿ ಬೆಳೆದು ಒಂದು ಕಿಲೋ ಆದರೆ ಬೆಲೆ ಇದೆ. ಮೊಟ್ಟೆ ತುಂಬಿದ ದೊಡ್ಡ ಗೆಂಡೆಯ ಹೊಟ್ಟೆಯಲ್ಲಿ ಲಕ್ಷಕ್ಕೂ ಹೆಚ್ಚು ಮೊಟ್ಟೆ ಇರುತ್ತದೆ.

ಕಾವೇರಿ ಸೀಮೆಯಲ್ಲಿ ಬಿಳಿ ಮೀನು ಅಂತ ಒಂದು ಜಾತಿ. ಓದಿದವರು ಮಹಶೀರ್ ಅಂತಾರೆ. ದೊಡ್ಡ ಹುರುಪೆ, ದಪ್ಪ ತುಟಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಈ ಸೀಮೆಯಲ್ಲಿ ಹಿಡಿದ ಮಹಶೀರ್ ಸುಮಾರು 54 ಕಿಲೋ ತೂಗಿತ್ತು. ಒಬ್ಬ ಹೆಂಗಸಿನ ತೂಕ! ಈಗ ಡುಬ್ಬದ ಬಿಳಿ ಮೀನು ಅಳಿದುಹೋಗುವ ಅಂಚಿನಲ್ಲಿದೆ ಅಂತ 2018ರಲ್ಲಿ ಲೋಕದ ವಿಜ್ಞಾನಿಗಳ ಪಟ್ಟಿಯಲ್ಲಿ ಬರೆದರು. ಬಲೆಗೆ ಬಿದ್ದರೆ ಜೀವ ಇರುವಾಗಲೇ ನೀರಿಗೆ ಬಿಡಿ. ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ದೇವಸ್ಥಾನದ ಮುಂದಿನ ಕಾವೇರಿ ಮಡುವಿನಲ್ಲಿ ಮೀನು ಹಿಡಿಯುವುದಿಲ್ಲ. ದೇವರ ಮೀನು ಅಂತ ಮಂಡಕ್ಕಿ ಹಾಕ್ತಾರೆ. ಹಿರಿಯರು ಕಾನೂನು ಬರೆಯದೆಯೇ ಮಾಡಿದ ಕೆಲಸ ಅದು.

ಪುಟ್ಟಿಗೆ ಬಂದ ಮೇಲೆ

ಬೇಸಿಗೆಯಲ್ಲಿ ಮೀನು ಬೇಗ ಕೆಡುತ್ತದೆ. ಹಿಡಿದ ಕೂಡಲೇ ನೆರಳಿಗೆ ತನ್ನಿ. ಶುದ್ಧ ನೀರಿನಲ್ಲಿ ತೊಳೆಯಿರಿ. ದೂರ ಹೋಗುವುದಿದ್ದರೆ ಐಸ್ ಬೇಕೇ ಬೇಕು. ಈ ಬಿಸಿಲಿಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಲೆಕ್ಕ. ಒಂದು ಪದರ ಐಸ್, ಒಂದು ಪದರ ಮೀನು, ಮೇಲೆ ಮತ್ತೆ ಐಸ್, ಅದರ ಮೇಲೆ ಒದ್ದೆ ಗೋಣಿ. ಐಸ್‌ಗೆ ಕಾಸು ಹೋಗುತ್ತದೆ ಅಂತ ಹಿಂದೆ ಮುಂದೆ ನೋಡಿದರೆ ಸಂಜೆಗೆ ಅರ್ಧ ಬೆಲೆಗೆ ಮಾರಬೇಕಾಗುತ್ತದೆ.

ಕೊಳ್ಳುವವರಿಗೂ ಒಂದು ಮಾತು. ಕಿವಿರು ಕೆಂಪಗಿರಬೇಕು. ಕಣ್ಣು ಉಬ್ಬಿ ಹೊಳೆಯಬೇಕು. ಬೆರಳಿನಿಂದ ಒತ್ತಿದರೆ ಗುಳಿ ನಿಲ್ಲಬಾರದು. ಸಣ್ಣ ಮೀನನ್ನು ಕೀಳಾಗಿ ಕಾಣಬೇಡಿ. ಮುಳ್ಳು ಸಮೇತ ಅಗಿದು ತಿನ್ನುವ ಸಣ್ಣ ಮೀನಿನಲ್ಲಿ ಸುಣ್ಣದ ಅಂಶ ಹೆಚ್ಚು. ಬಸುರಿ, ಬಾಣಂತಿ, ಬೆಳೆಯುವ ಹುಡುಗಿ, ಇವರ ತಟ್ಟೆಗೆ ಅದು ಬೀಳಬೇಕು. ನಮ್ಮ ಮನೆಗಳಲ್ಲಿ ಒಳ್ಳೆಯ ತುಂಡು ಯಾರ ತಟ್ಟೆಗೆ ಬೀಳುತ್ತದೆ ಅಂತ ನಿಮಗೇ ಗೊತ್ತು.

ಚೀಟಿ, ತಕ್ಕಡಿ, ಸಂಘ

ದೊಡ್ಡ ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಡ್ತಾರೆ. ಹೊಳೆಯಲ್ಲಿ ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಪರವಾನಗಿ ಎಂದರೆ ಅಪ್ಪಣೆಯ ಕಾಗದ. ಅದರಲ್ಲಿ ಹೆಸರು, ಜಾಗ, ಎಷ್ಟು ದಿನ, ಎಷ್ಟು ಹಣ ಎಂದು ಬರೆದಿರುತ್ತದೆ. ಹಣ ಕಟ್ಟಿದ ಮೇಲೆ ರಸೀದಿ ಕೇಳಿ ಪಡೆಯಿರಿ. ಮಳೆಗಾಲ ಮೀನು ಮೊಟ್ಟೆ ಇಡುವ ಕಾಲ. ಆಗ ಯಾವ ತಿಂಗಳು ಎಲ್ಲಿ ಹಿಡಿಯಬಾರದು ಎಂಬುದನ್ನೂ ತಾಲ್ಲೂಕು ಕಚೇರಿಯಲ್ಲೇ ಕೇಳಿಕೊಳ್ಳಿ.

ಈ ಕಾಗದ ಇನ್ನೊಂದಕ್ಕೂ ಬೇಕು. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರರಿಗೆ ಅಪಘಾತ ವಿಮೆ ಇಟ್ಟರು. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 5 ಲಕ್ಷ ರೂಪಾಯಿ. ಆದರೆ ಹೆಸರು ಬರೆಸಿರಬೇಕು. ಬರೆಸದೆ ಹೋದವರ ಹೆಂಡತಿ ಕಚೇರಿಯಿಂದ ಕಚೇರಿಗೆ ಅಲೆದರೂ ಕೈಗೆ ಏನೂ ಬರುವುದಿಲ್ಲ. ಮನೆಯ ಗಂಡಸಿನ ಹೆಸರು ಬರೆಸಿದೆಯೇ, ಈ ವರ್ಷದ ವಿಮೆ ಚಾಲ್ತಿಯಲ್ಲಿದೆಯೇ ಅಂತ ಇವತ್ತೇ ಕೇಳಿ. ನಿಮ್ಮ ಹೆಸರನ್ನೂ ಬರೆಸಿ. ಮೀನುಗಾರರ ಸಹಕಾರ ಸಂಘಕ್ಕೆ ಹೆಂಗಸರೂ ಸದಸ್ಯರಾಗಬಹುದು.

ಇನ್ನು ತಕ್ಕಡಿ. ದಂಡೆಯಲ್ಲಿ ಗುತ್ತಿಗೆದಾರ ತೂಗಿ ಕೊಟ್ಟದ್ದೇ ತೂಕ, ಅವನು ಹೇಳಿದ್ದೇ ಲೆಕ್ಕ ಎಂದು ನಡೆಯುತ್ತಿತ್ತು. ಈಗ ನಮಗೆ ಅಂಕಿ ಗೊತ್ತು. ಕಲ್ಲಿನ ಮೇಲೆ ಸರ್ಕಾರದ ಮುದ್ರೆ ಇದೆಯೇ ನೋಡಿ. ಕರೆಂಟು ತಕ್ಕಡಿಯಾದರೆ, ಮೀನು ಇಡುವ ಮೊದಲು ಸೊನ್ನೆ ತೋರಿಸುತ್ತದೆಯೇ ನೋಡಿ. ಪುಟ್ಟಿಯ ತೂಕ ಕಳೆಯಿರಿ. ತೂಕವನ್ನೂ ದರವನ್ನೂ ನಿಮ್ಮ ಪುಸ್ತಕದಲ್ಲಿ ಅಲ್ಲೇ ಬರೆಯಿರಿ. ಅವನ ಮುಂದೆಯೇ ಬರೆಯಿರಿ.

ಲೆಕ್ಕ ಮಾಡಿ

ಒಬ್ಬ ಅಕ್ಕ ದಂಡೆಯಲ್ಲಿ 12 ಕಿಲೋ ಮೀನು ಕೊಂಡಳು. ಕಿಲೋಗೆ 100 ರೂಪಾಯಿ. ಎಷ್ಟು ಹಣ ಕೊಟ್ಟಳು?

ಸಂತೆಯಲ್ಲಿ ಬೇರೆ ತಕ್ಕಡಿಯಲ್ಲಿ ತೂಗಿದರೆ 11 ಕಿಲೋ ಮಾತ್ರ ಇತ್ತು. ಅವತ್ತು ಅವಳಿಗೆ ಎಷ್ಟು ನಷ್ಟ?

ವಾರಕ್ಕೆ 4 ದಿನ ಹೀಗೇ ಆದರೆ ವಾರದ ನಷ್ಟ ಎಷ್ಟು? ಬೇಸಿಗೆಯ 8 ವಾರಕ್ಕೆ ಎಷ್ಟು?

ಆ ಹಣದಲ್ಲಿ ನಿಮ್ಮ ಮನೆಗೆ ಏನೇನು ಬರುತ್ತಿತ್ತು? ಮೂರು ಸಾಲು ಬರೆಯಿರಿ.