ನಿಂತ ರೋಬೋಟಿನ ಹತ್ತಿರ ಹೋಗುವ ಮುಂಚೆ

ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗಳಲ್ಲಿ ವೆಲ್ಡಿಂಗ್ ರೋಬೋಟುಗಳ ಮೇಂಟೆನೆನ್ಸ್ ನನ್ನ ಕೆಲಸ. ಹೊಸದಾಗಿ ಬಂದ ಹುಡುಗರಿಗೆ ನಾನು ಮೊದಲು ಹೇಳುವುದು ಇದು: ಓಡುತ್ತಿರುವ ರೋಬೋಟಿಗಿಂತ ಸುಮ್ಮನೆ ನಿಂತ ರೋಬೋಟಿಗೆ ಹೆಚ್ಚು ಹೆದರಿ. ಎಷ್ಟೋ ಸಲ ಅದು ಸೆನ್ಸರಿನ ಒಂದು ಸಿಗ್ನಲ್ಲಿಗಾಗಿ ಕಾಯುತ್ತಿರುತ್ತದೆ, ಅಷ್ಟೆ. ಸಿಕ್ಕಿಕೊಂಡ ತಗಡನ್ನು ನೀವು ಎಳೆದ ಕೂಡಲೇ ಸಿಗ್ನಲ್ ಸಿಕ್ಕಿ, ನಿಲ್ಲಿಸಿದ ಕೆಲಸವನ್ನು ಅದು ಮುಂದುವರಿಸಬಹುದು.

ರೋಬೋಟಿನ ಹತ್ತಿರ ಹೋಗಿ ಸತ್ತವರಿದ್ದಾರೆ. 1979ರ ಜನವರಿ 25ರಂದು ಅಮೆರಿಕದ ಮಿಷಿಗನ್‌ನಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬ ಕಾರ್ಮಿಕರು ರೋಬೋಟಿನ ಏಟಿಗೆ ಸತ್ತರು. ರ‍್ಯಾಕಿನಿಂದ ಎರಕದ ಭಾಗಗಳನ್ನು ತೆಗೆಯಲು ಹತ್ತಿದ್ದರು. 1981ರಲ್ಲಿ ಜಪಾನಿನ ಅಕಾಶಿಯಲ್ಲಿ ಕೆಂಜಿ ಉರಾಡ ಎಂಬ ಕಾರ್ಮಿಕರು ಸತ್ತದ್ದು ರೋಬೋಟನ್ನು ಪರೀಕ್ಷಿಸಲು ಅದರ ಸುತ್ತಲಿನ ಬೇಲಿಯೊಳಗೆ ಹೋದಾಗ; ಅದು ಪೂರ್ತಿ ಆಫ್ ಆಗಿರಲಿಲ್ಲ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಾರ್ಖಾನೆಯಲ್ಲೂ ಇಂಥದ್ದೇ ನಡೆಯಿತು. ಬೇಲಿಯ ಗೇಟು ತೆರೆದರೆ ರೋಬೋಟ್ ನಿಲ್ಲಬೇಕು. ಪದೇಪದೇ ಲೈನ್ ನಿಲ್ಲುತ್ತದೆಂದು ಯಾರೋ ಗೇಟಿನ ಸ್ವಿಚ್ಚಿಗೆ ಬೇರೊಂದು ಕೀಲಿ ತುರುಕಿ ಬೈಪಾಸ್ ಮಾಡಿದ್ದರು. ಒಳಗೆ ಹೋದ ಗುತ್ತಿಗೆ ಹುಡುಗನ ಭುಜದ ಮೂಳೆ ಮುರಿಯಿತು. ವರದಿಯಲ್ಲಿ ಬರೆದದ್ದು 'ಕಾರ್ಮಿಕನ ಅಜಾಗರೂಕತೆ'. ಆ ಕೀಲಿ ತುರುಕಿದವರು ಯಾರು, ಶಿಫ್ಟಿನ ಲೆಕ್ಕ ತುಂಬಿಸಲು ಅವರನ್ನು ಒತ್ತಾಯಿಸಿದವರು ಯಾರು ಎಂದು ಯಾರೂ ಕೇಳಲಿಲ್ಲ. ಆ ಅನ್ಯಾಯ ನನಗೆ ಇನ್ನೂ ನುಂಗಲಾಗಿಲ್ಲ.

ಮನುಷ್ಯರ ಸ್ವಭಾವವನ್ನು ಅರಿತು ಮಾಡಿದ ಉಪಕರಣಗಳೂ ಇವೆ. ರೋಬೋಟಿಗೆ ಕೆಲಸ ಕಲಿಸಲು ಕೈಯಲ್ಲಿ ಹಿಡಿಯುವ ನಿಯಂತ್ರಕದ, ಅಂದರೆ ಪೆಂಡೆಂಟಿನ, ಹಿಂದೆ ಒಂದು ಸ್ವಿಚ್ ಇರುತ್ತದೆ. ಅದನ್ನು ಅರ್ಧ ಒತ್ತಿ ಹಿಡಿದಾಗ ಮಾತ್ರ ತೋಳು ಚಲಿಸುತ್ತದೆ. ಗಾಬರಿಯಾದವನು ಕೈ ಬಿಡುತ್ತಾನೆ, ಇಲ್ಲವೇ ಗಟ್ಟಿಯಾಗಿ ಹಿಚುಕುತ್ತಾನೆ. ಎರಡರಲ್ಲೂ ತೋಳು ನಿಲ್ಲುತ್ತದೆ. ಕಲಿಸುವಾಗ ವೇಗವೂ ಸೆಕೆಂಡಿಗೆ 250 ಮಿಲಿಮೀಟರ್ ದಾಟಬಾರದು.

ರಿಪೇರಿಗೆ ಇಳಿದರೆ ಇಷ್ಟು ಸಾಲದು. ಮುಖ್ಯ ಸ್ವಿಚ್ ಆಫ್ ಮಾಡಿ, ಒಳಗೆ ಹೋಗುವ ಪ್ರತಿಯೊಬ್ಬರೂ ಅದಕ್ಕೆ ತಮ್ಮದೇ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಪೈಪಿನಲ್ಲಿ ಉಳಿದ ಗಾಳಿಯನ್ನು ಬಿಡಬೇಕು. ಮೋಟಾರಿನ ಬ್ರೇಕಿಗೆ ಕೈ ಹಾಕುವ ಮುಂಚೆ ತೋಳಿಗೆ ಆಧಾರ ಕೊಡಬೇಕು. ಬ್ರೇಕ್ ಸಡಿಲಿಸಿದರೆ, ಕರೆಂಟ್ ಇಲ್ಲದಿದ್ದರೂ ತೋಳು ತನ್ನ ಭಾರಕ್ಕೇ ಕೆಳಗೆ ಬೀಳಬಹುದು.

ಕಾಯಂ ನೌಕರರಿಗೆ ಬೀಗ ಕೊಡುವ ಎಷ್ಟೋ ಕಡೆ ಗುತ್ತಿಗೆಯವರಿಗೆ ಕೊಡುವುದಿಲ್ಲ. ನಿಮ್ಮ ಮನೆಯ ಮಕ್ಕಳು ಇಂಥ ಕೆಲಸಕ್ಕೆ ಹೋಗುತ್ತಿದ್ದರೆ ಇವತ್ತೇ ಕೇಳಿ: ಒಳಗೆ ಹೋಗುವಾಗ ಹಾಕಲು ನಿನ್ನದೇ ಬೀಗ ಕೊಟ್ಟಿದ್ದಾರಾ? ಇಲ್ಲವೆಂದರೆ, ಕೊಡುವವರೆಗೆ ಬೇಲಿ ದಾಟಬೇಡ ಅನ್ನಿ.